ದವಡೆಗೆ ಕೊಟ್ಟ ಕೆಲಸ

ನನ್ನ ಮೊಮ್ಮಗಳಿಗೆ ನಕಲು ಮಾಡುವ ಚಟ. ಹೋದ ತಿಂಗಳು ಬೆಳಗಿನ ಚಹಾಕ್ಕೆ ಮನೆಮಂದಿಯೆಲ್ಲ ಕೂತಿದ್ದಾಗ ಅವಳು ಕಣ್ಣು ಮುಚ್ಚಿ, ಗದ್ದವನ್ನು ಆ ಕಡೆ ಈ ಕಡೆ ಸರಿಸಿ, ಕರ್ ಕರ್ ಎಂದು ಹಲ್ಲು ಮಸೆದು ತೋರಿಸಿದಳು. ಆಯಿ ಮಲಗಿದಾಗ ಹೀಗೆ ಮಾಡುತ್ತಾಳೆ ಎಂದಳು. ಆಯಿ ಎಂದರೆ ಅಜ್ಜಿ, ಅಂದರೆ ನಾನು. ಮಗ ನಕ್ಕ. ಸೊಸೆ ನಗು ತಡೆದುಕೊಂಡು ಒಳಗೆ ಹೋದಳು. ನಾನೂ ದೊಡ್ಡ ಮನಸ್ಸು ಮಾಡಿ ನಗಲು ಹೋದೆ. ಕಿವಿಯ ಮುಂದಿನ ಕೀಲು ಕಟ್ ಎಂದಿತು, ನಗು ಅಲ್ಲಿಗೇ ನಿಂತಿತು.

ಹಾಗಾಗಿ ಈಗ ನನ್ನ ಹಾಸಿಗೆಯ ಪಕ್ಕ ಒಂದು ನೀಲಿ ಡಬ್ಬಿ ಇದೆ. ಅದರೊಳಗೆ ನನ್ನ ಮೇಲಿನ ಹಲ್ಲುಗಳ ಅಳತೆಗೆ ಮಾಡಿದ ಪ್ಲಾಸ್ಟಿಕ್ಕಿನ ಅಚ್ಚು. ಮಲಗುವಾಗ ಹಲ್ಲಿಗೆ ತೊಡಿಸಿಕೊಳ್ಳಬೇಕು. ಮುಚ್ಚಳ ತೆಗೆದರೆ ಹೊಸ ಬಕೆಟ್ಟಿನ ವಾಸನೆ. ಜೇವರ್ಗಿಯ ಬಸ್ ನಿಲ್ದಾಣದ ಹಿಂದೆ ಹೊಸದಾಗಿ ದವಾಖಾನೆ ಇಟ್ಟಿರುವ ಹಲ್ಲಿನ ಡಾಕ್ಟರು ಕೊಟ್ಟದ್ದು. ನನ್ನ ಕೈಯಲ್ಲಿ ಅಕ್ಷರ ಕಲಿತವರ ಮಕ್ಕಳ ವಯಸ್ಸಿನ ಹುಡುಗಿ. ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದಳು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ, ದವಡೆಯ ಕೀಲಿಗೆ ಪೆಟ್ಟಾಗಿದೆ, ಬಿಸಿನೀರಿನ ಬಟ್ಟೆ ಒತ್ತಿ, ಎರಡು ತಿಂಗಳು ಗಟ್ಟಿ ಪದಾರ್ಥ ಬೇಡ, ಹಗಲಿನಲ್ಲಿ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ಹತ್ತಬಾರದು. ನಾನು ಒಂದನೇ ಇಯತ್ತೆಯ ಹುಡುಗಿಯ ಹಾಗೆ ತಲೆಯಾಡಿಸಿದೆ. ಇದಿಷ್ಟನ್ನೂ ನಲವತ್ತು ವರ್ಷಕ್ಕೂ ಹಿಂದೆ, ಖಜೂರಿಯಲ್ಲಿ, ಒಬ್ಬ ಮುದಿ ಪೈಲ್ವಾನನ ಬಾಯಿಂದ ಕೇಳಿದ್ದೆ ಎಂದು ಹೇಳಲಿಲ್ಲ. ಮನೆಯಲ್ಲಿ ಹಿಂದೆ ಯಾರಿಗಾದರೂ ಇದು ಇತ್ತೇ ಎಂದು ಕೇಳಿದಳು. ಇಲ್ಲ ಎಂದೆ. ಸುಳ್ಳು ನನಗೆ ಹೊಸದಲ್ಲ. ಕೂತು ಕೇಳುವ ತಾಳ್ಮೆ ನಿಮಗಿದ್ದರೆ ಹಳೆಯದನ್ನು ಹೇಳುತ್ತೇನೆ.

ನನ್ನ ತವರು ಆಳಂದ ತಾಲೂಕಿನ ಮಾದನಹಿಪ್ಪರಗಾ. ಅಪ್ಪ ಬೇಗ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವ್ವನದು. ಅಣ್ಣನಿಗೆ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಬಂದಾಗ ಅವ್ವ ಹೇಳಿದ್ದಕ್ಕೆಲ್ಲ ಹೂಂ ಎಂದು ಹೋಗುತ್ತಿದ್ದ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಅವನಿಗೆ ಅಫಜಲಪುರ ತಾಲೂಕಿನ ಅತನೂರಿನಿಂದ ಹೆಣ್ಣು ತಂದರು. ನಮ್ಮ ಕಡೆ ಅಣ್ಣನ ಹೆಂಡತಿ ವೈನಿ. ಉಳಿದವರ ಬಾಯಲ್ಲಿ ಸೊಸೆಗೆ ತವರೂರೇ ಹೆಸರು. ಅವ್ವನಿಗೆ, ಓಣಿಯವರಿಗೆ, ಕಡೆಗೆ ಅಣ್ಣನಿಗೂ ಆಕೆ ಅತನೂರಾಕಿ. ನನಗಿಂತ ಎರಡು ವರ್ಷ ದೊಡ್ಡವಳು. ನಾನು ಆಗ ಮೆಟ್ರಿಕ್ ಪಾಸಾಗಿ, ಗುಲ್ಬರ್ಗಾಕ್ಕೆ ಶಿಕ್ಷಕರ ತರಬೇತಿಗೆ ಹೋಗುತ್ತೇನೆಂದು ಅವ್ವನ ಬೆನ್ನು ಹತ್ತಿದ್ದ ಹತ್ತೊಂಬತ್ತರ ಹುಡುಗಿ. ಅವ್ವ ಹೂಂ ಅನ್ನುತ್ತಿರಲಿಲ್ಲ, ಉಹೂಂ ಎಂದೂ ಅನ್ನುತ್ತಿರಲಿಲ್ಲ. ಆ ನಡುವಿನಲ್ಲಿ ನನ್ನನ್ನು ತೂಗುಹಾಕಿ ಮನೆಗೆಲಸ ಮಾಡಿಸಿಕೊಳ್ಳುತ್ತಿದ್ದಳು.

ಅಣ್ಣ ಇಲ್ಲದ ದಿನ ವೈನಿ ನನ್ನ ಮಗ್ಗುಲಲ್ಲಿ ಮಲಗುತ್ತಿದ್ದಳು. ಹಗಲೆಲ್ಲ ಅವಳ ಬಾಯಿಂದ ಬರುತ್ತಿದ್ದುದು ಹೌದ್ರಿ, ಆಯ್ತ್ರಿ, ಎರಡೇ ಮಾತು. ಅವ್ವ ಬಯ್ದರೂ ಅದೇ, ಹೊಗಳಿದರೂ ಅದೇ. ಹೊಗಳಿದ್ದು ನನಗೆ ನೆನಪಿಲ್ಲ, ಮಾತಿಗೆ ಹೇಳಿದೆ. ನಿದ್ದೆ ಹತ್ತಿದ ಮೇಲೆ ಮಾತ್ರ ಹಲ್ಲು ಕಡಿಯುತ್ತಿದ್ದಳು. ಜೋಳ ಬೀಸುವ ಕಲ್ಲಿನೊಳಗೆ ಹರಳು ಸಿಕ್ಕರೆ ಬರುವ ಸದ್ದು. ನನಗೆ ಮೊದಲು ಹೆದರಿಕೆ ಆಯಿತು, ಆಮೇಲೆ ಮೋಜು ಅನ್ನಿಸಿತು. ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಅವ್ವನ ಮುಂದೆ ಕಣ್ಣು ಮುಚ್ಚಿ, ಗದ್ದ ಸರಿಸಿ, ಮಾಡಿ ತೋರಿಸಿದೆ. ಪಕ್ಕದ ಮನೆಯ ಹೆಂಗಸೂ ಅಲ್ಲಿದ್ದಳು. ಇಬ್ಬರೂ ನಕ್ಕರು. ವೈನಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಆ ಬೆನ್ನು ಅಲುಗಲಿಲ್ಲ. ನನ್ನ ಮೊಮ್ಮಗಳಿಗೆ ನಕಲಿನ ಚಟ ಎಲ್ಲಿಂದ ಬಂತೆಂದು ನೀವು ಕೇಳುವುದೇ ಬೇಡ.

ನಗು ಮುಗಿದ ಮೇಲೆ ಪಕ್ಕದ ಮನೆಯಾಕೆ ಹೋಗುತ್ತ ಹೋಗುತ್ತ, ಹಲ್ಲು ಕಡಿಯುವ ಸೊಸೆ ಮನೆಗೆ ಒಳ್ಳೆಯದಲ್ಲ ಎಂದು ಒಂದು ಮಾತು ಒಗೆದು ಹೋದಳು. ಅಂದಿನಿಂದ ಉಪಚಾರ ಶುರು. ಹೊಟ್ಟೆಯಲ್ಲಿ ಜಂತು ಇರಬಹುದೆಂದು ಬೇವಿನ ರಸ ಕುಡಿಸಿದರು. ಸ್ವಾಮಿಗಳ ಹತ್ತಿರ ವಿಭೂತಿ ಮಂತ್ರಿಸಿ ತಂದು ಗದ್ದಕ್ಕೆ ಹಚ್ಚಿದರು. ಯಾವುದೂ ನಾಟಲಿಲ್ಲ. ಆಗ ಅವ್ವ ತನ್ನದೇ ಒಂದು ಉಪಾಯ ಹುಡುಕಿದಳು. ಅವ್ವ ಶಾಲೆಯ ಮುಖ ಕಂಡವಳಲ್ಲ, ಆದರೆ ಅವಳ ತರ್ಕದ ಎದುರು ನಿಲ್ಲುವವರು ಊರಿನಲ್ಲಿ ಇರಲಿಲ್ಲ.

"ದುಡಿಯೋ ಎತ್ತು ಮೇವಿನ ಗೋದಲಿ ಕಡೀತದೇನು?" ಎಂದಳು. "ಈಕಿ ದವಡಿಗಿ ಹಗಲಿ ಕೆಲಸ ಇಲ್ಲ. ಅದಕ್ಕ ರಾತ್ರಿ ದುಡಿಯಾಕತ್ತದ."

ಹಗಲಿನಲ್ಲೇ ದವಡೆಯನ್ನು ದಣಿಸಿಬಿಟ್ಟರೆ ರಾತ್ರಿ ಸುಮ್ಮನೆ ಬಿದ್ದಿರುತ್ತದೆ ಎಂಬುದು ಲೆಕ್ಕ. ಇನ್ನು ಮೇಲೆ ಅತನೂರಾಕಿಗೆ ಬಿಸಿ ರೊಟ್ಟಿ ಇಲ್ಲ, ಎರಡೂ ಹೊತ್ತು ಕಟಿ ರೊಟ್ಟಿ. ಅದೂ ಬುಟ್ಟಿಯ ತಳದ್ದು. ಪಲ್ಯಕ್ಕೆ, ಬೇಳೆಗೆ ಅದ್ದಿ ಮೆತ್ತಗೆ ಮಾಡಿಕೊಳ್ಳಬಾರದು. ಮಧ್ಯಾಹ್ನಕ್ಕೊಂದು ಬೊಗಸೆ ಹುರಿದ ಕಡಲೆ. ಬಡಿಸುವ ಕೆಲಸ, ಅದ್ದಿಕೊಳ್ಳದ ಹಾಗೆ ಕಾಯುವ ಕೆಲಸ, ಎರಡೂ ನನ್ನದು.

ಕಟಿ ರೊಟ್ಟಿಯನ್ನು ನಾನು ದೂರುತ್ತಿಲ್ಲ. ನಮ್ಮ ಕಡೆಯವರು ಹುಟ್ಟಿ ಬೆಳೆದದ್ದೇ ಅದರ ಮೇಲೆ. ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿಟ್ಟ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮುರಿದರೆ ಟಪ್ ಎನ್ನಬೇಕು. ಮೊಸರು, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದರೆ ನಾನು ಒಂದು ಕಾಲಕ್ಕೆ ನಾಲ್ಕು ತಿನ್ನುತ್ತಿದ್ದೆ, ಆಮೇಲೆ ಐದನೆಯದಕ್ಕೆ ನಾಚಿಕೆ ಪಡುತ್ತಿದ್ದೆ. ಆದರೆ ಅದು ಅನ್ನವಾಗಿದ್ದಾಗಿನ ಮಾತು. ಅವ್ವ ಅದನ್ನು ಔಷಧ ಮಾಡಿದಳು, ಔಷಧದ ಹೆಸರಿನಲ್ಲಿ ಶಿಕ್ಷೆ ಮಾಡಿದಳು. ಎರಡಕ್ಕೂ ನಡುವೆ ಗೆರೆ ಎಲ್ಲಿತ್ತೆಂದು ಅವಳಿಗೇ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು.

ಒಂದು ತಿಂಗಳಲ್ಲಿ ವೈನಿಯ ದವಡೆ ಅಗಿಯುವಾಗ ಸದ್ದು ಮಾಡತೊಡಗಿತು. ಎದುರು ಕೂತ ನನಗೆ ಕೇಳುತ್ತಿತ್ತು. ಎರಡು ತುತ್ತಿಗೊಮ್ಮೆ ಕಿವಿಯ ಮುಂದೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಬಾಯಿ ಮೊದಲಿನಷ್ಟು ತೆರೆಯುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಚೂರು ಮುರಿದು ಒಳಗೆ ತಳ್ಳುತ್ತಿದ್ದಳು. ಹಲ್ಲು ಕಡಿಯುವುದು ನಿಂತಿತೇ? ಎಲ್ಲಿಯ ಮಾತು, ಹೆಚ್ಚಾಯಿತು. ಅವ್ವ, ದವಡೆಗೆ ಇನ್ನೂ ದಣಿವಾಗಿಲ್ಲ ಎಂದು ಕಡಲೆಯನ್ನು ಎರಡು ಬೊಗಸೆ ಮಾಡಿದಳು.

ಒಂದು ದಿನ ಅವ್ವ ಹೊಲಕ್ಕೆ ಹೋದಾಗ ವೈನಿ ನನ್ನ ಹತ್ತಿರ ಬಂದು, ತಂಗಿ, ಒಂದಿಷ್ಟು ಮಜ್ಜಿಗೆಯಲ್ಲಿ ನೆನೆಸಿ ಕೊಡುತ್ತೀಯಾ ಎಂದು ಕೇಳಿದಳು. ಕೊಟ್ಟೆ. ಮರುದಿನವೂ ಕೊಟ್ಟೆ. ಮೂರನೆಯ ದಿನ ಅವ್ವನಿಗೆ ಬಟ್ಟಲು ಸಿಕ್ಕಿತು. ನನ್ನನ್ನು ಬಯ್ಯಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಮಾಸ್ತರಿಣಿ ಆಗುವವಳಿಗೆ ಮನೆಯ ಮಾತು ಕೇಳುವುದು ಗೊತ್ತಿಲ್ಲವಲ್ಲ, ಊರ ಮಕ್ಕಳಿಗೆ ಏನು ಕಲಿಸುತ್ತಾಳೋ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು. ನನಗೆ ಅಷ್ಟೇ ಸಾಕಾಯಿತು. ನಾಲ್ಕನೆಯ ದಿನ ವೈನಿ ನನ್ನ ಮುಖ ನೋಡಿದಳು, ನಾನು ಬುಟ್ಟಿ ನೋಡಿದೆ.

ಎಳ್ಳ ಅಮಾವಾಸ್ಯೆ ಬಂತು. ಅಂದು ಮನೆಗಳಿಗೆ ಬೀಗ ಹಾಕಿ ಊರೇ ಹೊಲಕ್ಕೆ ಹೋಗುತ್ತದೆ. ಅಣ್ಣನೂ ಬಂದಿದ್ದ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಪೂಜೆ ಮುಗಿಸಿ ಎಲ್ಲರೂ ಮರದ ನೆರಳಿಗೆ ಊಟಕ್ಕೆ ಕೂತೆವು. ಹಬ್ಬದ ದಿನವೆಂದು ವೈನಿಗೂ ಎಲ್ಲರ ಹಾಗೆ ಭಜ್ಜಿ, ಕಡುಬು, ದಪ್ಪ ಸಜ್ಜೆ ರೊಟ್ಟಿ. ಅವಳು ಆಸೆಯಿಂದ ಬಾಯಿ ಅಗಲ ಮಾಡಿದಳು. ದವಡೆಯ ಕೀಲು ಕಳಚಿತು. ತೆರೆದ ಬಾಯಿ ತೆರೆದೇ ಉಳಿಯಿತು, ಜೊಲ್ಲು ಸೀರೆಯ ಮೇಲೆ ಇಳಿಯತೊಡಗಿತು, ಕಣ್ಣು ಮಾತ್ರ ಒಬ್ಬೊಬ್ಬರ ಮುಖದ ಮೇಲೆ ಓಡಾಡುತ್ತಿತ್ತು. ಸುತ್ತಲಿನ ಹೊಲದವರು ಕೂಡಿದರು. ಗಾಳಿ ಬಡಿದಿದೆ ಎಂದರು. ಅಣ್ಣ ಹೆಂಡತಿಯ ಹತ್ತಿರ ಬರುವುದು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಯಾರೋ ಪುಣ್ಯಾತ್ಮ ಖಜೂರಿಯ ಪೈಲ್ವಾನನ ಹೆಸರು ಹೇಳಿದ. ಆ ಕಡೆ ಹೊರಟಿದ್ದ ಲಾರಿಗೆ ಕೈ ಮಾಡಿ ಅವ್ವ, ನಾನು, ವೈನಿ ಹೋದೆವು.

ಪೈಲ್ವಾನ ಎಂದರೆ ಆಗಲೇ ಎಪ್ಪತ್ತು ದಾಟಿದ ಸಣಕಲು ಮುದುಕ. ಗರಡಿಯಲ್ಲಿ ಕೈಕಾಲು ಉಳುಕಿದವರನ್ನು ಸರಿ ಮಾಡಿ ಮಾಡಿ ಕೈ ಪಳಗಿತ್ತು. ವೈನಿಯನ್ನು ನೆಲದ ಮೇಲೆ ಕೂರಿಸಿ, ತನ್ನ ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಾಯಿಯೊಳಗೆ ಹಿಂದಿನ ಹಲ್ಲುಗಳ ಮೇಲಿಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದ. ಕೀಲು ಕೂತಿತು. ವೈನಿ ಬಾಯಿ ಮುಚ್ಚಿ ಅತ್ತಳು. ಆತ ಬೆರಳಿನಿಂದ ಅವಳ ಕೆನ್ನೆಯ ಗಂಟನ್ನು ಮುಟ್ಟಿ ನೋಡಿ, ಏನು ಉಣ್ಣಲು ಕೊಡುತ್ತೀರಿ ಎಂದು ಕೇಳಿದ. ಅವ್ವ ಸೆರಗು ಸರಿ ಮಾಡಿಕೊಂಡಳು, ನಾನು ನೆಲ ನೋಡಿದೆ. ಆತನಿಗೆ ಉತ್ತರ ಸಿಕ್ಕಿರಬೇಕು.

"ಇದು ಗಾಳಿ ಅಲ್ರಿ ಅವ್ವಾರ, ಕೀಲು" ಎಂದ. "ಎರಡು ತಿಂಗಳ ಹಾಲಾಗ ನೆನಸಿದ ರೊಟ್ಟಿ, ನುಚ್ಚು, ಗಂಜಿ. ಗಟ್ಟೀದು ಮುಟ್ಟಿಸಬ್ಯಾಡ್ರಿ. ಮತ್ತ ನೀ ಕೇಳವ್ವ, ಹಲ್ಲಿಗಿ ಹಲ್ಲು ಹಚ್ಚಿ ಕುಂದ್ರಬ್ಯಾಡ. ಏನರ ಹೇಳೂದಿತ್ತಂದ್ರ ಹೇಳಿಬಿಡು."

ಲಾರಿ ಸಿಗದೆ ಬಸ್ಸಿಗೆ ಕಾಯುವಾಗ ಅವ್ವನ ಮುಖ ಊದಿಕೊಂಡಿತ್ತು. ಅತ್ತೆಗೆ ಕಟಿ ರೊಟ್ಟಿ, ಸೊಸೆಗೆ ಹಾಲು ರೊಟ್ಟಿ, ಇದು ಯಾವ ಊರಿನ ರಿವಾಜು ಎಂದು ಒಂದೇ ಸಲ ಅಂದಳು. ಕಡಲೆ ನಿಂತಿತು, ಅಷ್ಟೇ. ರೊಟ್ಟಿ ಅದೇ ರೊಟ್ಟಿ. ಬಡಿಸುವವಳು ಅದೇ ನಾನು. ಪೈಲ್ವಾನನ ಮಾತು ನನ್ನ ಕಿವಿಯಲ್ಲಿ ಇತ್ತು, ಹಾಲು ಗಡಿಗೆಯಲ್ಲಿ ಇತ್ತು, ಒಂದು ಬಟ್ಟಲಿಗೆ ಸುರಿಯಲು ನನ್ನ ಕೈ ಮುಂದೆ ಬರಲಿಲ್ಲ. ತರಬೇತಿಯ ಅರ್ಜಿ ಅದೇ ವಾರ ತುಂಬಬೇಕಿತ್ತು.

ಮುಂದಿನ ಒಂದೂವರೆ ತಿಂಗಳಲ್ಲಿ ವೈನಿಯ ದವಡೆ ಇನ್ನೆರಡು ಸಲ ಕಳಚಿತು. ಹೆಣ್ಣಿನಲ್ಲೇ ಐಬಿದೆ, ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದು ಅಣ್ಣ ಹೇಳಿದ. ಅವನು ಸ್ವಂತವಾಗಿ ಆಡಿದ ಮಾತು ಅದೊಂದೇ ಇರಬೇಕು. ಅತನೂರಿಗೆ ಹೇಳಿಕಳಿಸಿದರು. ವೈನಿಯ ಅಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ನಮ್ಮೂರಿನ ಹಿರಿಯರೂ ಕೂಡಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ವೈನಿಯ ಅಣ್ಣ ಜಾಣ. ಬರುವ ಮೊದಲೇ ಖಜೂರಿಗೆ ಹೋಗಿ ಪೈಲ್ವಾನನನ್ನು ಕಂಡುಬಂದಿದ್ದ. ಮೆತ್ತಗಿನದು ಕೊಟ್ಟರೆ ಎರಡು ತಿಂಗಳಲ್ಲಿ ನೆಟ್ಟಗಾಗುತ್ತದೆ ಎಂದಿದ್ದಾರೆ, ಕೊಟ್ಟಿರೋ ಇಲ್ಲವೋ ಅಷ್ಟು ಹೇಳಿ ಎಂದ. ಕೊಟ್ಟಿಲ್ಲದಿದ್ದರೆ ಕೊಟ್ಟು ನೋಡಿ, ತಂಗಿಯನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದ. ವೈನಿಯ ಬಾಳು ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು.

ಅವ್ವ ಕೂತಲ್ಲೇ ತಿರುಗಿದಳು. ನನ್ನ ಕಡೆ ಕೈ ಮಾಡಿದಳು.

"ಬಡಿಸಾಕಿ ಆಕಿ. ಓದಿದ ಹುಡುಗಿ, ಸುಳ್ಳು ಹೇಳೂದಿಲ್ಲ. ಆಕಿನ್ನೇ ಕೇಳ್ರಿ."

ವೈನಿ ನಡುಮನೆಯ ಬಾಗಿಲಿನ ಒಳಗೆ, ಸೆರಗು ಹೊದ್ದು ನಿಂತಿದ್ದಳು. ಹಿರಿಯರ ಮುಂದೆ ಸೊಸೆ ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಕಿವಿಯ ಮುಂದಿನ ಗಂಟು ಏಳುತ್ತ ಇಳಿಯುತ್ತ ಇದ್ದುದು ನನಗೆ ಕಾಣುತ್ತಿತ್ತು.

"ಕೊಟ್ಟೇನ್ರಿ" ಎಂದೆ. "ಎರಡೂ ಹೊತ್ತು."

ಮೆತ್ತಗಿನದು ಕೊಟ್ಟರೂ ಹೀಗಾಗುತ್ತದೆಂದರೆ ಹುಟ್ಟಿನಿಂದಲೇ ಬಂದದ್ದು ಎಂದು ಹಿರಿಯರು ತೀರ್ಮಾನಿಸಿದರು. ವೈನಿಯ ಅಣ್ಣ ಮತ್ತೆ ವಾದ ಮಾಡಲಿಲ್ಲ. ಓದಿದ ಹುಡುಗಿಯ ಮಾತನ್ನು ಅವನೂ ನಂಬಿದ. ಮಧ್ಯಾಹ್ನದ ಬಸ್ಸಿಗೆ ಕರೆದುಕೊಂಡು ಹೊರಟ. ವೈನಿ ತನ್ನ ಟ್ರಂಕು ತುಂಬುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಏನು ನಿರೀಕ್ಷಿಸಿ ನಿಂತಿದ್ದೆನೋ ದೇವರಿಗೇ ಗೊತ್ತು. ಅವಳು ಕೌದಿ ಮಡಿಚುತ್ತ, ತಲೆ ಎತ್ತದೆ ಹೇಳಿದಳು: "ಎರಡೂ ಹೊತ್ತು ಅಂದೆಲ್ಲ ತಂಗಿ. ಒಂದ ಹೊತ್ತು ಅಂದಿದ್ರ ನಾನೂ ನಂಬತಿದ್ದೆ."

ವರ್ಷ ತುಂಬುವುದರೊಳಗೆ ಅಣ್ಣನಿಗೆ ಇನ್ನೊಂದು ಮದುವೆಯಾಯಿತು. ನನ್ನನ್ನು ಅವ್ವ ಗುಲ್ಬರ್ಗಾಕ್ಕೆ ಕಳಿಸಿದಳು. ಜೇವರ್ಗಿ ತಾಲೂಕಿನಲ್ಲಿ ನೌಕರಿ ಸಿಕ್ಕಿತು, ಇಲ್ಲೇ ಮದುವೆ, ಇಲ್ಲೇ ಸಂಸಾರ. ಶಾಲೆಯ ಗೋಡೆಯ ಮೇಲೆ ಸತ್ಯವನ್ನೇ ನುಡಿಯಿರಿ ಎಂದು ಬರೆಸಿ, ಅಕ್ಷರ ಸೊಟ್ಟಗಾಯಿತೆಂದು ಬಣ್ಣದವನ ಕೂಡ ಜಗಳ ಮಾಡಿದವಳು ನಾನು. ಅದೇ ಸುಮಾರಿಗೆ ಬೆಳಿಗ್ಗೆ ಎದ್ದರೆ ದವಡೆ ನೋಯಲು ಶುರುವಾಯಿತು. ಚಾಕ್‌ಪುಡಿ, ಕಿರುಚಾಟ, ಮಕ್ಕಳ ಕಾಟ, ಹೀಗೆ ಕಾರಣಗಳಿಗೇನು ಬರವೇ.

ತೊಂಬತ್ತರ ದಶಕದಲ್ಲಿ ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಅಫಜಲಪುರಕ್ಕೆ ಹಾಕಿದರು. ಮಧ್ಯಾಹ್ನ ನಾಲ್ಕು ಜನ ಶಿಕ್ಷಕರು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಹೋದೆವು. ಬಡಿಸಲು ಬಂದವಳು ವೈನಿ. ಮೈ ತುಂಬಿಕೊಂಡಿದ್ದಳು, ಗಲ್ಲ ದುಂಡಗಾಗಿತ್ತು. ತನ್ನ ಅಣ್ಣನ ಹೆಂಡತಿಯೂ ತಾನೂ ಕೂಡಿ ಖಾನಾವಳಿ ಇಟ್ಟಿದ್ದಳಂತೆ. ನಾನು ತಲೆ ತಗ್ಗಿಸಿ ಕಟಿ ರೊಟ್ಟಿಯನ್ನು ಒಂದೇ ಬದಿಯಿಂದ ಅಗಿಯುತ್ತ, ಅರಿವಿಲ್ಲದೆ ಕಿವಿಯ ಮುಂದೆ ಅಂಗೈ ಒತ್ತಿಕೊಂಡೆ. ಅವಳು ಅದನ್ನು ನೋಡಿದಳು. ಹತ್ತಿರ ಬಂದು ನನ್ನ ತಾಟಿನಿಂದ ರೊಟ್ಟಿ ಎತ್ತಿಕೊಂಡು ಹೋಗಿ, ಒಂದು ಬಟ್ಟಲು ನುಚ್ಚು, ಮಜ್ಜಿಗೆ ತಂದಿಟ್ಟಳು.

"ಮೆತ್ತಂದು ಉಣ್ಣು ತಂಗಿ" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಈಗ ನಿಮಗೆ ಹೇಗಿದೆ ಎಂದು ಕೇಳಿದೆ. ನಿಮ್ಮ ಮನೆ ಬಿಟ್ಟ ಮೇಲೆ ಒಂದು ರಾತ್ರಿಯೂ ಹಲ್ಲು ಕಡಿದಿಲ್ಲವಂತೆ, ಮಗ್ಗುಲಲ್ಲಿ ಮಲಗುವ ನಮ್ಮಣ್ಣನ ಹೆಂಡತಿ ಹೇಳುತ್ತಾಳೆ ಎಂದಳು. ಅಷ್ಟರಲ್ಲಿ ಜೊತೆಗಿದ್ದ ಮೇಷ್ಟ್ರೊಬ್ಬರು, ಪರಿಚಯದವರೇನ್ರಿ ಮೇಡಂ ಎಂದರು. ಆ ಹೊತ್ತಿಗೆ ಇವರು ನಮ್ಮ ವೈನಿ ಅನ್ನಬಹುದಿತ್ತು. ನಮ್ಮೂರ ಕಡೆಯವರು ಎಂದೆ. ವೈನಿಗೆ ಕೇಳಿಸಿತು. ಮುಂದಿನ ಪಂಕ್ತಿಗೆ ಬಡಿಸಲು ಹೋದಳು. ನಾನು ನುಚ್ಚನ್ನು ಬಟ್ಟಲು ಬಳಿದು ಉಂಡೆ. ಹೊಟ್ಟೆಗೆ ನಾಚಿಕೆ ಇರುವುದಿಲ್ಲ. ಆರು ವರ್ಷದ ಹಿಂದೆ ಅವಳು ತೀರಿಕೊಂಡ ಸುದ್ದಿ ಬಂದಾಗ, ಮೊಣಕಾಲು ನೋವು ಎಂದು ಹೇಳಿ ಮಣ್ಣಿಗೂ ಹೋಗಲಿಲ್ಲ.

ಇದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮೊನ್ನೆ ಸೋಮವಾರ ಹಲ್ಲಿನ ಡಾಕ್ಟರು ಮತ್ತೆ ಬರಲು ಹೇಳಿದ್ದರು, ಸೊಸೆ ಕರೆದುಕೊಂಡು ಹೋದಳು. ಡಾಕ್ಟರು ನನ್ನ ದವಡೆಯ ಗಂಟು ಮುಟ್ಟಿ ನೋಡಿ, ಅಷ್ಟೇನೂ ಇಳಿದಿಲ್ಲವಲ್ಲ ಎಂದು, ಸೊಸೆಯನ್ನು ಕೇಳಿದರು: ಅತ್ತೆಯವರಿಗೆ ಮೆತ್ತಗಿನದು ಕೊಡುತ್ತಿದ್ದೀರಾ?

"ಕೊಡ್ತೇನ್ರಿ" ಎಂದಳು ಸೊಸೆ. "ಎರಡೂ ಹೊತ್ತು."

ನಿಜ. ಹಾಲಿನಲ್ಲಿ ನೆನೆಸಿದ ರೊಟ್ಟಿ, ನುಚ್ಚು, ಹೊತ್ತು ತಪ್ಪದೆ ಕೊಡುತ್ತಿದ್ದಾಳೆ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಪಡಸಾಲೆ, ಜಮಖಾನೆ, ಬಾಗಿಲ ಒಳಗಿನ ಸೆರಗು ಎಲ್ಲ ಎದುರು ಬಂದು, "ಇಲ್ರಿ, ಕೊಟ್ಟಿಲ್ರಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಡಾಕ್ಟರು ಸೊಸೆಯ ಕಡೆ ನೋಡಿದರು. ವಯಸ್ಸಾದವರು, ಸ್ವಲ್ಪ ನೋಡಿಕೊಳ್ಳಬೇಕು ಎಂದು ಮೆತ್ತಗೆ ಹೇಳಿದರು. ಸೊಸೆ ಎದುರು ಮಾತಾಡಲಿಲ್ಲ. ಹೊರಗಿನವರ ಮುಂದೆ ಅತ್ತೆಯನ್ನು ಸುಳ್ಳುಗಾರ್ತಿ ಮಾಡುವ ಪದ್ಧತಿ ಈಗಲೂ ಇಲ್ಲ.

ಆಟೋದಲ್ಲಿ ಅವಳು ರಸ್ತೆ ನೋಡುತ್ತ ಕೂತಿದ್ದಳು. ಅವಳ ಕಿವಿಯ ಮುಂದೆ ಗಂಟು ಏಳುತ್ತ ಇಳಿಯುತ್ತ ಇತ್ತು. ಆಟೋ ತಿರುಗಿಸಲು ಹೇಳಿದೆ. ದವಾಖಾನೆಯೊಳಗೆ ಕುರ್ಚಿಯ ಮೇಲೆ ಬೇರೆ ಯಾರೋ ಬಾಯಿ ತೆರೆದು ಮಲಗಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದೆ.

"ನನ್ನ ಸೊಸಿ ಕೊಟ್ಟಾಳ್ರಿ, ಎರಡೂ ಹೊತ್ತು ಕೊಟ್ಟಾಳ" ಎಂದೆ. "ಕೊಡದಾಕಿ ನಾನು."

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಆಯಿತಮ್ಮ ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಅಷ್ಟು ವರ್ಷ ಹಲ್ಲಿನ ನಡುವೆ ಹಿಡಿದಿಟ್ಟ ಮಾತು, ಅದರಿಂದ ಯಾವ ಉಪಯೋಗವೂ ಇಲ್ಲದವರ ಮುಂದೆ ಬಿತ್ತು. ಹೊರಗೆ ಮೆಟ್ಟಿಲಿನ ಮೇಲೆ ಸೊಸೆ ನನ್ನ ಕೈ ಹಿಡಿದು ಇಳಿಸುತ್ತ ಕೇಳಿದಳು: "ಯಾರಿಗಿ ಕೊಟ್ಟಿಲ್ರಿ ಅತ್ತಿ?"

ಅತನೂರಾಕಿಗೆ ಅನ್ನಲು ಹೊರಟವಳು ತಡೆದೆ.

"ನೀಲಮ್ಮಗ" ಎಂದೆ.

ನೀಲಮ್ಮ ಯಾರು ಎಂದು ಸೊಸೆ ಕೇಳಿದಳು. ನಮ್ಮ ಮನೆಗೆ ಬಂದು ಹದಿನಾಲ್ಕು ವರ್ಷವಾದ ಹುಡುಗಿಗೆ ಆ ಹೆಸರು ಗೊತ್ತಿರಲಿಲ್ಲ.